ನೆಟ್‌ವರ್ಕ್ ಮೇಲೆ ಕಣ್ಣಿಡಲು ನೂರು ಅಲರ್ಟ್ ಬೇಡ

ಚಿಕ್ಕಮಗಳೂರಿನಲ್ಲಿ ಮಳೆ ಹಿಡಿಯಿತು ಅಂದರೆ ನನ್ನ ಫೋನಿನಲ್ಲೂ ಅಲರ್ಟ್‌ಗಳ ಸುರಿಮಳೆ. ಕರೆಂಟ್ ಹೋಗಿ ಒಂದು ನೆಟ್‌ವರ್ಕ್ ಸ್ವಿಚ್ (ಹಲವು ಸಾಧನಗಳನ್ನು ಕೇಬಲ್‌ನಿಂದ ಜೋಡಿಸುವ ಪೆಟ್ಟಿಗೆ) ಆಫ್ ಆದರೆ ಸಾಕು, ಅದರ ಹಿಂದಿರುವ ಪ್ರಿಂಟರ್, ಕ್ಯಾಮೆರಾ, ಬಿಲ್ಲಿಂಗ್ ಕಂಪ್ಯೂಟರ್ ಎಲ್ಲವೂ 'ಡೌನ್' ಅಂತ ಒಟ್ಟಿಗೆ ಕೂಗುತ್ತಿದ್ದವು, ನಿಜವಾದ ತೊಂದರೆ ಯಾವುದು ಅಂತ ಹುಡುಕುವುದರಲ್ಲೇ ಅರ್ಧ ಗಂಟೆ ಹೋಗುತ್ತಿತ್ತು.

ಹಾಗಾಗಿ ಮೊದಲು ಪೆನ್ನು, ಹಾಳೆ ತೆಗೆದುಕೊಳ್ಳಿ. ರೂಟರ್‌ನಿಂದ ಶುರು ಮಾಡಿ ಯಾವುದು ಯಾವುದಕ್ಕೆ ಸೇರಿದೆ ಅಂತ ಬರೆಯಿರಿ. ಆಮೇಲೆ ನೆಟ್‌ವರ್ಕ್ ಮೇಲೆ ಕಣ್ಣಿಡುವ ಝ್ಯಾಬಿಕ್ಸ್ ಅಥವಾ ನಾಗಿಯೋಸ್ ಕೋರ್ ಸಾಫ್ಟ್‌ವೇರ್ ಹಾಕಿ, ಎರಡೂ ಉಚಿತ. ಹಾಳೆಯಲ್ಲಿರುವಂತೆಯೇ ಅದರಲ್ಲಿ ಡಿಪೆಂಡೆನ್ಸಿ ಕೊಡಿ, ಅಂದರೆ ಯಾವುದು ಯಾವುದನ್ನು ನಂಬಿಕೊಂಡಿದೆ ಅಂತ ತಿಳಿಸಿ. ಆಗ ಸ್ವಿಚ್ ಬಿದ್ದರೆ ಸ್ವಿಚ್‌ನ ಮೆಸೇಜ್ ಮಾತ್ರ ಬರುತ್ತದೆ. ಒಂದು ಪಿಂಗ್ (ಸಾಧನ ಉತ್ತರಿಸುತ್ತದೆಯೇ ಅಂತ ನೋಡಲು ಕಳಿಸುವ ಪುಟ್ಟ ಸಂದೇಶ) ತಪ್ಪಿದ್ದಕ್ಕೆಲ್ಲ ಅಲರ್ಟ್ ಬೇಡ, ಸತತ 3 ತಪ್ಪಿದರೆ ಬರಲಿ.

ಪಿಂಗ್ ಹೇಳುವುದು ಉಸಿರಿದೆಯಾ ಅಂತ ಅಷ್ಟೇ ಅಲ್ವಾ? ಒಳಗಿನ ಕಾಯಿಲೆ ತಿಳಿಯಲು ಎಸ್‌ಎನ್‌ಎಂಪಿ ಬೇಕು, ಅಂದರೆ ಸಾಧನದ ಒಳಗಿನ ಸ್ಥಿತಿಯನ್ನು ಕೇಳಿ ತಿಳಿಯುವ ವ್ಯವಸ್ಥೆ. ಇದು ಸಾಮಾನ್ಯವಾಗಿ ಯುಡಿಪಿ (ಡೇಟಾ ಕಳಿಸುವ ಒಂದು ವಿಧಾನ) 161ನೇ ಪೋರ್ಟ್ ಸಂಖ್ಯೆಯಲ್ಲಿ ಓಡುತ್ತದೆ. ಸಾಧನದಲ್ಲಿ ಸೌಲಭ್ಯವಿದ್ದರೆ 3ನೇ ಆವೃತ್ತಿಯನ್ನೇ ಬಳಸಿ, ಹಳೆಯದರಲ್ಲಿ ಪಾಸ್‌ವರ್ಡ್‌ನಂಥ ಪದ ಯಾರಾದರೂ ಓದಬಹುದಾದಂತೆ ಬಿಚ್ಚಾಗಿಯೇ ಹೋಗುತ್ತದೆ. ಒಮ್ಮೆ ಸ್ವಿಚ್‌ನಲ್ಲಿ ಕೇಬಲ್ ಚುಚ್ಚುವ ಒಂದು ಪೋರ್ಟ್‌ನ ಎರರ್ ಎಣಿಕೆ ದಿನಾ ಏರುತ್ತಿತ್ತು, ಪಿಂಗ್ ಮಾತ್ರ ಸರಿಯಾಗಿಯೇ ಇತ್ತು. ಕೇಬಲ್ ಕಿತ್ತು ನೋಡಿದರೆ ಥಂಡಿಗೆ ಕನೆಕ್ಟರ್‌ನ ಪಿನ್‌ಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ ಮೇಲೆ ಎಣಿಕೆ ನಿಂತಿತು.

ಮಾನಿಟರಿಂಗ್ ಕಂಪ್ಯೂಟರ್ ಮತ್ತು ರೂಟರ್ ಎರಡನ್ನೂ ಯುಪಿಎಸ್‌ಗೆ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಸುದ್ದಿ ಕಳಿಸಲು ಯಾರೂ ಇರುವುದಿಲ್ಲ.