ಸಿಯುಇಟಿಗೆ ನಾನು ವಿಷಯಗಳನ್ನು ಆರಿಸಿಕೊಂಡಿದ್ದು ಹೇಗೆ

ಪಿಯುಸಿಯಲ್ಲಿ ನನ್ನದು ಎಚ್‌ಇಪಿಎಸ್. ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ. ದೆಹಲಿ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಆನರ್ಸ್ ಓದಬೇಕು ಅನ್ನೋದು ಆಸೆ. 2022ರಿಂದ ಅಲ್ಲಿಗೆ ಸೇರಲು ಪಿಯುಸಿ ಅಂಕ ಮಾತ್ರ ಸಾಲದು, ಸಿಯುಇಟಿ, ಅಂದರೆ ಕೇಂದ್ರೀಯ ವಿಶ್ವವಿದ್ಯಾಲಯಗಳ ಪದವಿಗೆ ಸೇರಲು ಇರುವ ಸಾಮಾನ್ಯ ಪ್ರವೇಶ ಪರೀಕ್ಷೆ, ಬರೆಯಲೇಬೇಕು. 2025ರಲ್ಲಿ ಅದರ ಅರ್ಜಿ ಶುರುವಾಗಿದ್ದು ಮಾರ್ಚ್ 1ಕ್ಕೆ. ನಮ್ಮ ದ್ವಿತೀಯ ಪಿಯುಸಿ ಪರೀಕ್ಷೆ ಶುರುವಾಗಿದ್ದೂ ಅವತ್ತೇ! ಹಾಗಾಗಿ ಯಾವ ವಿಷಯ ಅನ್ನೋದನ್ನು ಫೆಬ್ರವರಿಯಲ್ಲೇ ಕೂತು ತೀರ್ಮಾನ ಮಾಡಿಕೊಂಡೆ.

ಹೆಚ್ಚೆಂದರೆ ಐದು ಪೇಪರ್ ತೆಗೆದುಕೊಳ್ಳಬಹುದು. ಒಂದೊಂದಕ್ಕೂ 50 ಪ್ರಶ್ನೆ, 60 ನಿಮಿಷ. ಸರಿಯಾದರೆ 5 ಅಂಕ, ತಪ್ಪಾದರೆ 1 ಕಡಿತ. ನನ್ನ ಕೋರ್ಸ್‌ಗೆ ಬೇಕಾಗಿದ್ದು ಒಂದು ಭಾಷೆ ಮತ್ತು ಮೂರು ವಿಷಯ, ಒಟ್ಟು 1000 ಅಂಕಕ್ಕೆ. ಸಿಯುಇಟಿ ನಿಯಮದಲ್ಲಿ ಯಾರು ಯಾವ ವಿಷಯ ಬೇಕಾದರೂ ಬರೆಯಬಹುದು ಅಂತಿದೆ. ಆದರೆ ದೆಹಲಿ ವಿಶ್ವವಿದ್ಯಾಲಯ ಹನ್ನೆರಡನೇ ತರಗತಿಯಲ್ಲಿ ಓದಿದ ವಿಷಯವನ್ನೇ ಕೇಳುತ್ತೆ. ಇದು ಗೊತ್ತಿಲ್ಲದೆ ಸುಮ್ನೆ 'ಸುಲಭ' ಅಂತ ಯಾವುದೋ ವಿಷಯ ಹಾಕಿದವರನ್ನು ನೋಡಿದ್ದೇನೆ.

ಸಿಯುಇಟಿಯಲ್ಲಿ ಸಾಮಾನ್ಯ ಜ್ಞಾನ, ತರ್ಕದಂಥವುಗಳ ಜನರಲ್ ಟೆಸ್ಟ್ ಅಂತ ಒಂದು ಪೇಪರ್ ಇದೆ. 'ಅದನ್ನು ಹಾಕಿಕೋ, ಎಲ್ಲಾದರೂ ಉಪಯೋಗಕ್ಕೆ ಬರುತ್ತೆ' ಅಂತ ತುಂಬಾ ಜನ ಹೇಳಿದರು. ಎಲ್ಲಾದರೂ ಅಂದರೆ ಎಲ್ಲಿ? ನನ್ನ ಪಟ್ಟಿಯಲ್ಲಿದ್ದ ಯಾವ ಕೋರ್ಸೂ ಅದನ್ನು ಕೇಳಿರಲಿಲ್ಲ. ಬಿಟ್ಟೆ.

ನಿಜವಾಗಿ ತಲೆ ಕೆಡಿಸಿದ್ದು ಅರ್ಥಶಾಸ್ತ್ರವೋ ಸಮಾಜಶಾಸ್ತ್ರವೋ ಅನ್ನೋ ಪ್ರಶ್ನೆ. ಓದೋಕೆ ಸಮಾಜಶಾಸ್ತ್ರವೇ ಹಗುರ ಅಂತ ಎಲ್ಲರ ಮಾತು. ಆದರೆ ಸಿಯುಇಟಿ ಪ್ರಶ್ನೆಗಳು ಬರೋದು ಎನ್‌ಸಿಇಆರ್‌ಟಿ ಪಠ್ಯದಿಂದ, ಅಂದರೆ ಸಿಬಿಎಸ್‌ಇಯವರು ಓದುವ ಕೇಂದ್ರದ ಪಠ್ಯದಿಂದ. ನಮ್ಮ ಪಿಯುಸಿ ಅರ್ಥಶಾಸ್ತ್ರ ಹೆಚ್ಚುಕಡಿಮೆ ಅದೇ ಪಠ್ಯ. ಸೀಮಾಂತ ವೆಚ್ಚ, ಗುಣಕ, ರಾಷ್ಟ್ರೀಯ ಆದಾಯದ ಲೆಕ್ಕ ಎಲ್ಲವೂ ಕಾಲೇಜಿನಲ್ಲಿ ಮಾಡಿದ್ದೇ. ಭಾರತದ ಆರ್ಥಿಕ ಅಭಿವೃದ್ಧಿಯ ಭಾಗವನ್ನು ಮೊದಲನೇ ವರ್ಷದ ನೋಟ್ಸ್ ತೆಗೆದು ಮತ್ತೊಮ್ಮೆ ನೋಡಿದರೆ ಸಾಕಿತ್ತು. ಸಮಾಜಶಾಸ್ತ್ರಕ್ಕಾದರೆ ಬೇರೆ ಪುಸ್ತಕ ಹಿಡಿದು ಹೊಸದಾಗಿ ಕೂರಬೇಕಿತ್ತು. ಇದ್ದ ಸಮಯವೇ ಕಡಿಮೆ, ಅದೂ ಇತಿಹಾಸಕ್ಕೆ ಬೇಕು. ಅರ್ಥಶಾಸ್ತ್ರವೇ ಆಯ್ತು.

ಇತಿಹಾಸಕ್ಕೆ ಯಾಕೆ ಅಷ್ಟು ಸಮಯ ಅಂದರೆ, ನಮ್ಮ ಪಠ್ಯಕ್ಕೂ ಎನ್‌ಸಿಇಆರ್‌ಟಿಗೂ ನಡಿಗೆಯೇ ಬೇರೆ. ನಮ್ಮಲ್ಲಿ ರಾಜವಂಶಗಳು ಒಂದಾದ ಮೇಲೊಂದು ಬರುತ್ತವೆ. ಅವರದರಲ್ಲಿ ಒಂದೊಂದು ಅಧ್ಯಾಯಕ್ಕೂ ಒಂದು ವಿಷಯ: ಹರಪ್ಪದ ಮಣಿ ಮಾಡುವವರು, ಮಹಾಭಾರತದ ಕಾಲದ ಬಂಧುತ್ವ, ಅಲ್‌ಬಿರೂನಿ, ಇಬ್ನ್ ಬತೂತನಂಥ ಪ್ರವಾಸಿಗರು. ಹಂಪಿಗೇ ಒಂದು ಇಡೀ ಅಧ್ಯಾಯ ಇದೆ. ಆದರೆ ಅಲ್ಲಿ ಕಥೆ ಹಕ್ಕಬುಕ್ಕರಿಂದಲ್ಲ, 1800ರಲ್ಲಿ ಆ ಅವಶೇಷಗಳನ್ನು ಸಮೀಕ್ಷೆ ಮಾಡಿದ ಕಾಲಿನ್ ಮೆಕೆಂಜಿಯಿಂದ ಶುರು. ಮಹಾನವಮಿ ದಿಬ್ಬ ಯಾಕಿತ್ತು, ನೀರು ಎಲ್ಲಿಂದ ಬರುತ್ತಿತ್ತು ಅನ್ನೋದೇ ಅವರಿಗೆ ಮುಖ್ಯ. ಶಾಲೆಯ ಪ್ರವಾಸದಲ್ಲಿ ಆ ದಿಬ್ಬ ಹತ್ತಿ ಫೋಟೊ ತೆಗೆಸಿಕೊಂಡವರಿಗೂ ಇದನ್ನು ಹೊಸದಾಗಿ ಓದಬೇಕು. ಬಸವಣ್ಣ, ವಚನಗಳು ಮಾತ್ರ ಮೊದಲೇ ಗೊತ್ತಿದ್ದವು, ಭಕ್ತಿ-ಸೂಫಿ ಅಧ್ಯಾಯದಲ್ಲಿ ಅಷ್ಟು ಉಳಿತಾಯ.

ರಾಜ್ಯಶಾಸ್ತ್ರದ ಬಗ್ಗೆ ಜಾಸ್ತಿ ಯೋಚಿಸಲಿಲ್ಲ. ದಿನಾ ಪೇಪರ್ ಓದುವ ಅಭ್ಯಾಸ ಇತ್ತು, ತೆಗೆದುಕೊಂಡೆ.

ಇನ್ನು ಭಾಷೆ. ಸಿಯುಇಟಿಯ 13 ಭಾಷೆಗಳಲ್ಲಿ ಕನ್ನಡವೂ ಇದೆ ಅನ್ನೋದು ನಮ್ಮ ಕ್ಲಾಸಿನಲ್ಲಿ ಅರ್ಧ ಜನರಿಗೆ ಗೊತ್ತೇ ಇರಲಿಲ್ಲ. ಭಾಷಾ ಪೇಪರ್‌ಗೆ ಪಠ್ಯಪುಸ್ತಕ ಇಲ್ಲ. ಗದ್ಯಭಾಗ ಕೊಟ್ಟು ಪ್ರಶ್ನೆ ಕೇಳುತ್ತಾರೆ. ಜೊತೆಗೆ ಸಮಾನಾರ್ಥಕ, ವಿರುದ್ಧಾರ್ಥಕ, ವಾಕ್ಯ ಜೋಡಣೆ. ಬೇರೆ ವಿಷಯಗಳನ್ನು ಇಂಗ್ಲಿಷ್‌ನಲ್ಲೇ ಬರೆದರೂ ಭಾಷೆಯ ಪೇಪರ್ ಕನ್ನಡದ್ದು ತೆಗೆದುಕೊಳ್ಳಬಹುದು. ಇಂಗ್ಲಿಷ್ ಗದ್ಯ ಓದೋಕೆ ನನಗೆ ಸಮಯ ಹಿಡಿಯುತ್ತೆ, ಕನ್ನಡದ್ದು ಓಡುತ್ತೆ. ಒಂದು ಗಂಟೆಗೆ 50 ಪ್ರಶ್ನೆ ಅಂದರೆ ಒಂದಕ್ಕೆ 72 ಸೆಕೆಂಡ್, ವೇಗ ಬೇಕೇ ಬೇಕು ಅಲ್ವಾ? ಐದನೇ ಜಾಗ ಖಾಲಿ ಇದ್ದದ್ದರಿಂದ ಇಂಗ್ಲಿಷ್ ಪೇಪರ್ ಕೂಡ ಹಾಕಿದೆ. 'ಕನ್ನಡ ತಗೊಂಡರೆ ದೆಹಲಿಯಲ್ಲಿ ಯಾರು ಲೆಕ್ಕಕ್ಕೆ ತಗೋತಾರೆ' ಅಂತ ಮನೆಯಲ್ಲಿ ಅನುಮಾನ ಇತ್ತು, ಅವರ ಸಮಾಧಾನಕ್ಕೂ ಆಯ್ತು.

ಜುಲೈ 4ಕ್ಕೆ ಫಲಿತಾಂಶ ಬಂತು. ಎರಡು ಭಾಷೆಗಳಲ್ಲಿ ಕನ್ನಡದ್ದೇ ಜಾಸ್ತಿ. ಸೀಟಿಗೆ ಲೆಕ್ಕಕ್ಕೆ ಹಿಡಿದಿದ್ದೂ ಅದನ್ನೇ.