ಕನ್ನಡ ಕೀಲಿಯಿಂದ ಕೈ ತೆಗೆಯದೆ ಪ್ರಶ್ನೆಪತ್ರಿಕೆ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ಗಣಿತ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಘಟಕ ಪರೀಕ್ಷೆಗೆ ಮನೆಯಲ್ಲೇ ಪ್ರಶ್ನೆಪತ್ರಿಕೆ ಟೈಪ್ ಮಾಡಿ ಪೇಟೆಯ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದ್ದೆ. ಅಲ್ಲಿನ ಕಂಪ್ಯೂಟರಿನಲ್ಲಿ ಕಡತ ತೆರೆದಾಗ ವರ್ಗಮೂಲದ ಚಿಹ್ನೆ ಹಾರಿಹೋಗಿತ್ತು. ‘√3 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ’ ಎಂಬುದು ‘3 ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ’ ಎಂದು ಅಚ್ಚಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ‘3 = 3/1, ಆದ್ದರಿಂದ ಇದು ಭಾಗಲಬ್ಧ. ಪ್ರಶ್ನೆ ತಪ್ಪಾಗಿದೆ ಟೀಚರ್’ ಎಂದು ಬರೆದಿದ್ದ. ಅವನಿಗೆ ಪೂರ್ತಿ ಅಂಕ ಕೊಟ್ಟೆ. ಉಳಿದ ಮಕ್ಕಳು ಇಲ್ಲದ ಸಾಧನೆಯನ್ನು ಹುಡುಕುತ್ತಾ ಸಮಯ ಕಳೆದುಕೊಂಡಿದ್ದರು. ಅದು ನನ್ನನ್ನು ಬಹಳ ದಿನ ಕಾಡಿತು.

ಆಗಲೇ ಲೇಟೆಕ್ ಹಿಡಿದೆ. ಬರಹದ ನಡುವೆ ಆದೇಶಗಳನ್ನು ಬರೆದುಕೊಟ್ಟರೆ ಗಣಿತದ ಚಿಹ್ನೆಗಳ ಸಮೇತ ಪುಟ ಜೋಡಿಸಿಕೊಡುವ ತಂತ್ರಾಂಶ ಅದು. ಅದರ ಮೂಲವಾದ ಟೆಕ್ ಹುಟ್ಟಿದ್ದೂ ಇಂಥದೇ ಬೇಸರದಿಂದ. ತಮ್ಮ ಪುಸ್ತಕದ ಹೊಸ ಅಚ್ಚುಕರಡಿನಲ್ಲಿ ಅಕ್ಷರ ಜೋಡಣೆ ಹದಗೆಟ್ಟದ್ದನ್ನು 1977ರಲ್ಲಿ ಕಂಡ ಡೊನಾಲ್ಡ್ ಕ್ನೂತ್ ಅದನ್ನು ತಾವೇ ರಚಿಸಲು ಕುಳಿತರು. ಕನ್ನಡಕ್ಕೆ ಬೇಕಾದದ್ದು ಜೊನಾಥನ್ ಕ್ಯೂ 2004ರಲ್ಲಿ ಹೊರತಂದ, ಟೆಕ್‌ನದೇ ಇನ್ನೊಂದು ರೂಪವಾದ ಜೀಟೆಕ್. ಯೂನಿಕೋಡ್ ಫಾಂಟುಗಳನ್ನು ಅದು ನೇರವಾಗಿ ಬಳಸಿಕೊಳ್ಳುತ್ತದೆ. ಕೇರಳದ ಶಾಲಾ ಲ್ಯಾಬುಗಳಲ್ಲಿ ಲಿನಕ್ಸ್ ಇರುವುದರಿಂದ ಇವೆಲ್ಲವನ್ನೂ ಹಾಕಿಕೊಳ್ಳಲು ನನಗೆ ಅಳುಕು ಇರಲಿಲ್ಲ.

ನಿಜವಾದ ಕಷ್ಟ ಎದುರಾದದ್ದು ಇದನ್ನೆಲ್ಲ ಟೈಪ್ ಮಾಡುವ ಎಡಿಟರಿನಲ್ಲಿ. ಲೇಟೆಕ್ ಆದೇಶಗಳೆಲ್ಲ ಇಂಗ್ಲಿಷ್, ಬರಹವೆಲ್ಲ ಕನ್ನಡ. ಭಿನ್ನರಾಶಿ ಇರುವ ಒಂದು ಪ್ರಶ್ನೆ ಮುಗಿಸುವಷ್ಟರಲ್ಲಿ ಆರು ಸಲ ಕೀಲಿಮಣೆಯ ಭಾಷೆ ಬದಲಿಸಬೇಕಾಗುತ್ತಿತ್ತು, ಒಂದು ಸಲ ಮರೆತರೂ ಸಾಲು ಕೆಡುತ್ತಿತ್ತು. ನನ್ನ ಕೈ ಪಳಗಿರುವುದು ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದಲ್ಲೂ ಇರುವ ಕೀಲಿಮಣೆ ವಿನ್ಯಾಸಕ್ಕೆ. ಅದರಲ್ಲಿ ‘ಎಫ್’ ಒತ್ತಿದರೆ ಅರ್ಧಾಕ್ಷರದ ಕೊಂಡಿ ಬರುತ್ತದೆ. ಹಾಗಾಗಿ ಭಿನ್ನರಾಶಿಯ ಆದೇಶವಾದ \frac ಕನ್ನಡ ಕೀಲಿಯಲ್ಲಿ ಬಿದ್ದರೆ ಓರೆಗೆರೆಯ ಪಕ್ಕದಲ್ಲಿ ಆಸರೆಯಿಲ್ಲದ ರಕಾರದ ಒತ್ತು ನೇತಾಡುತ್ತಿತ್ತು. ಟೆಕ್‌ಸ್ಟುಡಿಯೋದಲ್ಲಿ ಎರಡು ತಿಂಗಳು ಹೀಗೆಯೇ ದುಡಿದೆ. ಅದು ಒಳ್ಳೆಯ ಎಡಿಟರ್, ಹೊಸಬರಿಗೆ ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಕೀಲಿಮಣೆಯ ಭಾಷೆ ಅಲ್ಲಿ ಆಪರೇಟಿಂಗ್ ಸಿಸ್ಟಮ್ ಕೈಯಲ್ಲಿದೆ.

ಎಮ್ಯಾಕ್ಸ್ ಎಂಬ ಇನ್ನೊಂದು ಎಡಿಟರಿನಲ್ಲಿ ಹಾಗಲ್ಲ. ಕನ್ನಡ ಟೈಪಿಸುವ ವಿಧಾನ ಎಡಿಟರಿನ ಒಳಗೇ ಇದೆ. ಸಿಸ್ಟಮ್ ಮಟ್ಟಿಗೆ ನಾನು ಸದಾ ಇಂಗ್ಲಿಷಿನಲ್ಲೇ ಇರುತ್ತೇನೆ. ಆದ್ದರಿಂದ ಕಂಟ್ರೋಲ್ ಸೇರಿಸಿ ಒತ್ತುವ ಯಾವ ಆದೇಶವೂ ಕೆಡುವುದಿಲ್ಲ. ಲೇಟೆಕ್ ಬರೆಯಲೆಂದೇ ಇರುವ ಅದರ ಆಕ್‌ಟೆಕ್ ಪ್ಯಾಕೇಜಿನಲ್ಲಿ ‘ಕಂಟ್ರೋಲ್ ಸಿ, ಕಂಟ್ರೋಲ್ ಇ’ ಒತ್ತಿದರೆ ಪರದೆಯ ಕೆಳಗಿನ ಪಟ್ಟಿ ‘ಯಾವ ಪರಿಸರ ಬೇಕು?’ ಎಂದು ಕೇಳುತ್ತದೆ. ಪಟ್ಟಿ, ಕೋಷ್ಟಕದಂಥ ಭಾಗವನ್ನು ಸುತ್ತುವರಿಯುವ ಆರಂಭ, ಅಂತ್ಯದ ಆದೇಶಗಳ ಜೋಡಿಗೆ ಲೇಟೆಕ್‌ನಲ್ಲಿ ಪರಿಸರ ಎನ್ನುತ್ತಾರೆ. ಪರದೆಯ ಕೆಳಗಿನ ಆ ಪಟ್ಟಿ ತಾನಾಗಿಯೇ ಇಂಗ್ಲಿಷಿನಲ್ಲಿರುತ್ತದೆ. ಹೆಸರು ಬರೆದು ಎಂಟರ್ ಒತ್ತಿದರೆ ಆರಂಭ, ಅಂತ್ಯ ಎರಡೂ ಸಾಲು ಬಿದ್ದು, ಮತ್ತೆ ಕನ್ನಡ ಸಿದ್ಧವಾಗಿರುತ್ತದೆ. ಇದನ್ನು ಮೊದಲ ಸಲ ಕಂಡ ರಾತ್ರಿ ನಾನು ಹನ್ನೆರಡರವರೆಗೆ ಕುರ್ಚಿ ಬಿಟ್ಟು ಎದ್ದಿರಲಿಲ್ಲ.

ಎಮ್ಯಾಕ್ಸ್ ಜೊತೆಗೆ ಬರುವ ಕನ್ನಡ ಟೈಪಿಂಗ್ ವಿಧಾನಗಳಾದ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್ ಎರಡೂ ನನ್ನ ಕೈಗೆ ಒಗ್ಗಲಿಲ್ಲ. ಹೊಸ ವಿಧಾನ ಬರೆಯಲು ಅದರಲ್ಲಿ ಕ್ವೇಲ್ ಎಂಬ ವ್ಯವಸ್ಥೆ ಇದೆ. ವ್ಯಂಜನಗಳದ್ದೊಂದು ಪಟ್ಟಿ, ಸ್ವರಗಳದ್ದೊಂದು ಪಟ್ಟಿ ಕೊಟ್ಟು, ಒಂದರೊಳಗೊಂದು ಲೂಪ್ ಇಟ್ಟೆ. ಒಂದನೇ ತರಗತಿಯ ಗೋಡೆಯಲ್ಲಿ ತೂಗುವ ಕಾಗುಣಿತದ ಕೋಷ್ಟಕವೇ ಅದರಿಂದ ಹೊರಬಂತು. ಈಗ ‘ಕಾಸರಗೋಡು’ ಬರೆಯಲು ಎಂಟು ಕೀಲಿ ಸಾಕು, ಹಿಂದಿನಷ್ಟೇ.

ಇನ್ನುಳಿದದ್ದು ಸೂತ್ರಗಳು. ಲೇಟೆಕ್‌ನಲ್ಲಿ ಅವನ್ನು ಎರಡು ಡಾಲರ್ ಚಿಹ್ನೆಗಳ ನಡುವೆ ಬರೆಯಬೇಕು. ಡಾಲರ್ ಚಿಹ್ನೆಯ ಕೀಲಿಗೆ ಹತ್ತು ಸಾಲಿನ ಫಂಕ್ಷನ್ ಬರೆದೆ. ಒತ್ತಿದೊಡನೆ ಕನ್ನಡ ನಿಂತು ಎರಡು ಡಾಲರ್ ಬೀಳುತ್ತವೆ, ಕರ್ಸರ್ ನಡುವೆ ನಿಲ್ಲುತ್ತದೆ. ಮತ್ತೊಮ್ಮೆ ಒತ್ತಿದರೆ ಹೊರಗೆ ಬಂದು ಕನ್ನಡ ಮರಳುತ್ತದೆ. ಕರ್ಸರ್ ಸೂತ್ರದ ಒಳಗಿದೆಯೇ ಎಂದು ತಿಳಿಸುವ ಫಂಕ್ಷನ್ ಆಕ್‌ಟೆಕ್‌ನಲ್ಲೇ ಇರುವುದರಿಂದ ಕೆಲಸ ಸುಲಭವಾಯಿತು. ಸೆಂ.ಮೀ., ಚ.ಮೀ. ಮುಂತಾದವನ್ನು ಡಾಲರಿನ ಹೊರಗೇ ಬರೆಯುತ್ತೇನೆ.

ಕಡತದ ತಲೆಯಲ್ಲಿ ಬೇರೆ ಬೇರೆ ಭಾಷೆಗಳನ್ನು ನಿಭಾಯಿಸುವ ಪಾಲಿಗ್ಲಾಸಿಯಾ ಪ್ಯಾಕೇಜ್, ನೋಟೋ ಸೆರಿಫ್ ಕನ್ನಡ ಫಾಂಟ್, ಅಷ್ಟೇ. ಒಂದು ಎಚ್ಚರಿಕೆ ಮಾತ್ರ ಬೇಕು. ಫಾಂಟ್ ಹೆಸರಿನ ಜೊತೆ ಲಿಪಿ ಕನ್ನಡವೆಂದು ಬೇರೆಯಾಗಿ ಹೇಳಲೇಬೇಕು. ಅದನ್ನು ಬಿಟ್ಟಿದ್ದ ನನ್ನ ಮೊದಲ ಪ್ರತಿಯಲ್ಲಿ ‘ಅಕ್ಕ’ ಎಂಬುದು ‘ಅಕ್‌ಕ’ ಎಂದು ಬಂದಿತ್ತು. ತಪ್ಪು ಫಾಂಟಿನದೆಂದು ನಾಲ್ಕು ಫಾಂಟ್ ಬದಲಿಸಿದ ಮೇಲೆ ಕಾರಣ ಹೊಳೆಯಿತು. ಉದ್ದ ಪದಗಳು ಅಂಚು ದಾಟುವ ತೊಂದರೆಗೆ ಸಂತೋಷ್ ತೋಟ್ಟಿಂಙಲ್ ಸಿದ್ಧಪಡಿಸಿದ ಕನ್ನಡ ಪದವಿಭಜನೆಯ ನಿಯಮಗಳಿವೆ. ಎರಡು ಅಂಕಣದ ಪ್ರಶ್ನೆಪತ್ರಿಕೆಗೆ ಅವು ಇಲ್ಲದಿದ್ದರೆ ಆಗದು.

ಈಗ ಅಂಗಡಿಗೆ ಹೋಗುವುದು ಪಿಡಿಎಫ್ ಮಾತ್ರ. ಫಾಂಟ್ ಅದರೊಳಗೇ ಇರುವುದರಿಂದ ವರ್ಗಮೂಲ ಇಟ್ಟಲ್ಲೇ ಇರುತ್ತದೆ. ತಿದ್ದುವಾಗ ಪಿಡಿಎಫ್‌ನ ಸಾಲಿನ ಮೇಲೆ ಕ್ಲಿಕ್ಕಿಸಿದರೆ ಸಿಂಕ್‌ಟೆಕ್ ನೆರವಿನಿಂದ ಮೂಲ ಕಡತದ ಅದೇ ಸಾಲು ತೆರೆದುಕೊಳ್ಳುತ್ತದೆ.

ಕ್ವೇಲ್ ಕಡತವನ್ನು ಮಂಜೇಶ್ವರ ಕಡೆಯ ಇಬ್ಬರು ಶಿಕ್ಷಕರೂ ಬಳಸುತ್ತಿದ್ದಾರೆ. ಕಳೆದ ತಿಂಗಳು ಅವರಲ್ಲೊಬ್ಬರು ಫೋನು ಮಾಡಿ, “ಟೀಚರ್, ‘ರ‍್ಯಾಂಕ್’ ಬರೆಯಲು ಹೋದರೆ ಅರ್ಕಾವತ್ತು ಆಗಿಬಿಡುತ್ತದಲ್ಲ” ಎಂದರು. ರಕಾರಕ್ಕೂ ಅರ್ಧಾಕ್ಷರದ ಕೊಂಡಿಗೂ ನಡುವೆ ಕಣ್ಣಿಗೆ ಕಾಣದ ಜೋಡಕ ಅಕ್ಷರವೊಂದು ಬರಬೇಕು. ಖಾಲಿ ಇದ್ದ ಕೀಲಿಯೊಂದಕ್ಕೆ ಅದನ್ನು ಕಟ್ಟಿ, ಅದೇ ಸಂಜೆ ಹೊಸ ಕಡತ ಕಳುಹಿಸಿದೆ.