ಸೀರೆ ಅಂಗಡಿ ವಿಡಿಯೋ: ಜರಿ ಕಪ್ಪಾಗದ ಹಾಗೆ ಶೂಟ್ ಮಾಡೋದು ಹೇಗೆ

ಆಷಾಢ ಮುಗೀತಿದ್ದ ಹಾಗೆ ಊರಿನ ಸೀರೆ ಅಂಗಡಿಯೋರಿಗೆಲ್ಲ ಒಂದು ವಿಡಿಯೋ ಬೇಕಾಗತ್ತೆ, ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚೆ, ಅದೂ ನಾಳೆನೇ. ಯಾರೋ ಹುಡುಗ ಗಿಂಬಲ್ (ಕ್ಯಾಮೆರಾ ಅಲುಗದ ಹಾಗೆ ಹಿಡಿಯೋ ಕೋಲು) ಹಿಡ್ಕೊಂಡು ಬರ್ತಾನೆ, ಅಂಗಡಿ ತುಂಬ ಎರಡು ಸುತ್ತು ಹೊಡೀತಾನೆ, ಸಂಜೆ ಎಡಿಟ್ ಮಾಡಿ ಕಳಿಸ್ತಾನೆ. ನೋಡಿದ್ರೆ ಹದಿನೆಂಟು ಸಾವಿರದ ರೇಷ್ಮೆ ಸೀರೆ ಎಂಟುನೂರರ ಸೀರೆ ಥರ ಕಾಣ್ತಿರತ್ತೆ, ಬಂಗಾರದ ಬಣ್ಣದ ಬಾರ್ಡರ್ ಕಂದು ಟೇಪ್ ಅಂಟಿಸಿದ ಹಾಗಿರತ್ತೆ. ಯಜಮಾನ್ರು "ಕ್ಯಾಮೆರಾ ಸರಿ ಇಲ್ಲ ಅನ್ಸತ್ತೆ ಕಣಪ್ಪ" ಅಂತಾರೆ, ಹುಡುಗ ಇನ್ನೊಂದು ಲೆನ್ಸ್‌ಗೆ ದುಡ್ಡು ಸುರೀತಾನೆ. ತಪ್ಪು ಇರೋದು ಲೈಟ್ ಇಟ್ಟ ಜಾಗದಲ್ಲಿ. ಇದನ್ನ ತುಂಬ ಸಲ ನೋಡಿ ಬೇಜಾರಾಗಿ ಬರೀತಿದೀನಿ.

ಹೆಜ್ಜೆ 1: ಎಲ್ಲಿ ಹಾಕ್ತಾರೆ ಅಂತ ಕೇಳಿ

ಫೋನಲ್ಲಿ ನೋಡೋಕಾದ್ರೆ ಉದ್ದುದ್ದ, 9:16. ಅಂಗಡಿ ಟಿವಿಗೋ ಲೋಕಲ್ ಕೇಬಲ್‌ಗೋ ಆದ್ರೆ ಅಡ್ಡ, 16:9. ಎರಡೂ ಬೇಕು ಅಂದ್ರೆ ಮುಖ್ಯವಾದ ನಾಲ್ಕೈದು ಶಾಟ್ ಎರಡು ಸಲ ತೆಗೀರಿ. ಅಡ್ಡ ತೆಗೆದದ್ದನ್ನ ಆಮೇಲೆ ಕತ್ತರಿಸ್ತೀನಿ ಅನ್ನೋರು ಸೆರಗನ್ನೇ ಕತ್ತರಿಸಿರ್ತಾರೆ.

ಹೆಜ್ಜೆ 2: ಹಿಂದಿನ ದಿನ ಹೋಗಿ ನೋಡಿ

ಶೂಟ್ ಎಷ್ಟು ಗಂಟೆಗೋ ಅದೇ ಹೊತ್ತಿಗೆ ಹೋಗಿ. ಬಾಗಿಲಿಂದ ಬಿಸಿಲು ಎಲ್ಲಿವರೆಗೆ ಬರತ್ತೆ, ಕನ್ನಡಿ ಎಲ್ಲೆಲ್ಲಿದೆ (ಸೀರೆ ಅಂಗಡಿ ಅಂದ್ರೆ ಎಲ್ಲಾ ಕಡೆ ಕನ್ನಡಿ, ನಿಮ್ಮ ಹೊಟ್ಟೆ ಯಾವುದೋ ಒಂದ್ರಲ್ಲಿ ಬಂದೇ ಬರತ್ತೆ), ಕರೆಂಟ್ ಹೋದ್ರೆ ಇನ್ವರ್ಟರ್ ಯಾವ ಸಾಕೆಟ್‌ಗೆ ಕೊಟ್ಟಿದಾರೆ, ಇಷ್ಟು ನೋಡ್ಕೊಳಿ. ಮಾಮೂಲಿ 6 ಆಂಪ್ಸ್ ಸಾಕೆಟ್ ಸುಮಾರು 1,300 ವ್ಯಾಟ್ ತಡಿಯತ್ತೆ, ಎಲ್‌ಇಡಿ ಲೈಟಿಗೆ ಧಾರಾಳ ಸಾಕು. ಮದುವೆ ವಿಡಿಯೋದೋರ ಹಳೇ 1,000 ವ್ಯಾಟ್ ಹ್ಯಾಲೋಜನ್ ಎರಡು ಒಂದೇ ಬೋರ್ಡಿಗೆ ಸಿಕ್ಕಿಸಬೇಡಿ, ಆ ಕಾವಿಗೆ ರೇಷ್ಮೆ ಹತ್ತಿರಾನೂ ತರಬೇಡಿ.

ಹೆಜ್ಜೆ 3: ಶಾಟ್ ಲಿಸ್ಟ್

ನೋಟ್‌ಬುಕ್ಕಲ್ಲಿ ಬರೀರಿ, ತಲೇಲಿ ಇಟ್ಕೋಬೇಡಿ. 30 ಸೆಕೆಂಡಿನ ವಿಡಿಯೋಗೆ 12ರಿಂದ 14 ಶಾಟ್ ಸಾಕು. ಅಂಗಡಿ ಹೊರಗಿಂದ ಒಂದು, ಒಳಗೆಲ್ಲ ಒಟ್ಟಿಗೆ ಕಾಣೋ ವೈಡ್ ಶಾಟ್ ಒಂದು, ಗಾದಿ ಮೇಲೆ ಸೀರೆ ಬಿಚ್ಚಿ ಹಾಸೋದು ಒಂದು, ಉಳಿದದ್ದೆಲ್ಲ ಹತ್ತಿರದ್ದು: ಬಾರ್ಡರ್, ಸೆರಗು, ನೆರಿಗೆ ಹಿಡಿಯೋ ಕೈ, ಬಟ್ಟೆ ಮುಟ್ಟಿ ನೋಡೋ ಬೆರಳು. "ಅಂಗಡಿ ಪೂರ್ತಿ ಕಾಣ್ಬೇಕು" ಅಂತ ಯಜಮಾನ್ರು ಅಂದೇ ಅಂತಾರೆ, ಹೂಂ ಅನ್ನಿ, ಒಂದು ಶಾಟ್ ಕೊಡಿ. ಜನ ನೋಡೋದು ಸೀರೆನ, ರ‍್ಯಾಕ್‌ನಲ್ಲ. ಆ ವೈಡ್ ತೆಗಿಯೋ ಮುಂಚೆ ರ‍್ಯಾಕಲ್ಲಿರೋ ಸೀರೆಗಳ ಪ್ಲಾಸ್ಟಿಕ್ ಕವರ್ ತೆಗೆಸಿ, ಇಲ್ಲಾಂದ್ರೆ ಒಂದೊಂದು ಕವರಲ್ಲೂ ಒಂದೊಂದು ಟ್ಯೂಬ್‌ಲೈಟ್ ಮಿಂಚತ್ತೆ.

ಲಿಸ್ಟ್ ಆದ್ಮೇಲೆ ಅದನ್ನ ಕಥೆ ಪ್ರಕಾರ ಅಲ್ಲ, ಲೈಟ್ ಪ್ರಕಾರ ಜೋಡಿಸಿ. ಒಂದೇ ಲೈಟಲ್ಲಿ ಆಗೋ ಶಾಟೆಲ್ಲ ಒಟ್ಟಿಗೆ ಮುಗಿಸಿದ್ರೆ ಅರ್ಧ ದಿನ ಉಳಿಯತ್ತೆ.

ಹೆಜ್ಜೆ 4: ಲೈಟಿಂಗ್, ಎಲ್ಲರೂ ಕೆಡಿಸೋದು ಇಲ್ಲೇ

ಮೊದಲ ಕೆಲಸ ಅಂಗಡಿ ಲೈಟ್ ಆರಿಸೋದು. ಯಜಮಾನ್ರಿಗೆ ಎದೆ ಧಸಕ್ ಅನ್ನತ್ತೆ, ಅನ್ಲಿ. ಚಾವಣಿಯಲ್ಲಿ ಹಳದಿ ಬಲ್ಬು 3000 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಕಮ್ಮಿ ಇದ್ರೆ ಹಳದಿ, ಜಾಸ್ತಿ ಇದ್ರೆ ನೀಲಿ), ಪಕ್ಕದಲ್ಲಿ ಬಿಳಿ ಟ್ಯೂಬು 6500, ಬಾಗಿಲಿಂದ ಹಗಲು ಬೆಳಕು 5600 ಹತ್ರ, ಮೂರೂ ಸೇರಿ ಒಂದೇ ಸೀರೆ ಮೇಲೆ ಬಿದ್ರೆ ಯಾವ ಎಡಿಟರ್ ಕೂಡ ಬಿಡಿಸೋಕಾಗಲ್ಲ. ಎಲ್ಲಾ ಆರಿಸಿ, ಅಂಗಡಿ ಬಾಗಿಲಿನ ಶಟರ್ ಅರ್ಧ ಇಳಿಸಿ, ನಿಮ್ಮ ಲೈಟ್ ಹಾಕಿ, ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಯಾವ ಬೆಳಕನ್ನ ಬಿಳಿ ಅಂತ ತಗೋಬೇಕು ಅನ್ನೋ ಸೆಟ್ಟಿಂಗ್) ಆಟೋದಿಂದ ತೆಗೆದು 5600ಕ್ಕೆ ಲಾಕ್ ಮಾಡಿ.

ಈಗ ಜರಿ ವಿಷಯ. ಜರಿ ಅಂದ್ರೆ ಬಟ್ಟೆ ಅಲ್ಲ, ಕನ್ನಡಿ ಅಂತ ಅನ್ಕೊಳಿ. ಕನ್ನಡಿಗೆ ಎಷ್ಟೇ ಬೆಳಕು ಹೊಡೆದ್ರೂ ಅದರ ಎದುರಿಗೆ ಏನಿದೆಯೋ ಅದೇ ಕಾಣೋದು. ಎದುರಿಗೆ ಕತ್ತಲೆ ಮೂಲೆ ಇದ್ರೆ ಜರಿ ಕಪ್ಪು, ಸಣ್ಣ ಬಲ್ಬಿದ್ರೆ ಒಂದು ಚುಕ್ಕೆ ಸುಟ್ಟ ಹಾಗೆ ಬೆಳ್ಳಗಾಗಿ ಉಳಿದದ್ದೆಲ್ಲ ಮತ್ತೆ ಕಪ್ಪು. ಅದಕ್ಕೇ ಪವರ್ ಜಾಸ್ತಿ ಮಾಡಿದಷ್ಟೂ ಕೆಡತ್ತೆ. ಬೇಕಾಗಿರೋದು ದೊಡ್ಡ ಬಿಳಿ ಮೇಲ್ಮೈ, ಅದು ಜರಿಯಲ್ಲಿ ಪ್ರತಿಫಲಿಸೋ ಜಾಗದಲ್ಲಿ.

ಆ ಜಾಗ ಹುಡುಕೋಕೆ ಸುಲಭದ ಉಪಾಯ: ಒಂದು ಚಿಕ್ಕ ಕೈಗನ್ನಡಿ ತಗೊಂಡು ಬಾರ್ಡರ್ ಮೇಲೆ ಮಲಗಿಸಿ, ಕ್ಯಾಮೆರಾ ಇರೋ ಜಾಗದಲ್ಲಿ ಕಣ್ಣಿಟ್ಟು ಆ ಕನ್ನಡಿ ಒಳಗೆ ನೋಡಿ. ಅದರಲ್ಲಿ ಚಾವಣಿಯ ಯಾವ ಮೂಲೆ ಕಾಣತ್ತೋ ಅಲ್ಲಿಗೇ ನಿಮ್ಮ ಬಿಳಿ ಬರ್ಬೇಕು. ಸಾಮಾನ್ಯವಾಗಿ ಅದು ಸೀರೆ ಹಿಂದೆ, ಸ್ವಲ್ಪ ಮೇಲೆ, ಕ್ಯಾಮೆರಾಗೆ ಎದುರುಬದುರು ಇರತ್ತೆ. ಕ್ಯಾಮೆರಾ ಪಕ್ಕದಲ್ಲೇ ಲೈಟ್ ನಿಲ್ಲಿಸೋ ಅಭ್ಯಾಸ ಇರೋರಿಗೆ ಇದು ಉಲ್ಟಾ ಅನ್ಸತ್ತೆ, ಒಂದು ಸಲ ಮಾಡಿ ನೋಡಿ.

ಆ ಬಿಳಿ ಅಂದ್ರೆ ಏನು? ಸಾಫ್ಟ್‌ಬಾಕ್ಸ್ (ಲೈಟಿನ ಮುಂದೆ ಬಿಳಿ ಬಟ್ಟೆ ಇರೋ ಪೆಟ್ಟಿಗೆ) ದೊಡ್ಡದಿದ್ರೆ ಸರಿ. ಇಲ್ಲಾಂದ್ರೆ ಒಂದು ಬಿಳಿ ಪಂಚೆ. ತಮಾಷೆ ಅಲ್ಲ. ಎರಡು ಸ್ಟ್ಯಾಂಡ್ ಮಧ್ಯೆ ಪಂಚೆ ಬಿಗಿಯಾಗಿ ಎಳೆದು ಕ್ಲಿಪ್ ಹಾಕಿ, ಅದರ ಹಿಂದೆ ಮೂರ್ನಾಲ್ಕು ಅಡಿ ದೂರದಿಂದ ಲೈಟ್ ಹೊಡೀರಿ, ಪಂಚೆ ಪೂರ್ತಿ ಬೆಳಗ್ಬೇಕು, ಮಧ್ಯದಲ್ಲಿ ಮಾತ್ರ ಅಲ್ಲ. ಒಗೆದು ನೀಲಿ ಹಾಕಿದ ಪಂಚೆ ಬೇಡ, ಆ ನೀಲಿ ಸೀರೆ ಮೇಲೂ ಬರತ್ತೆ. ಪಂಚೆನ ಸೀರೆಗೆ ಎಷ್ಟು ಹತ್ರ ತರೋಕಾಗತ್ತೋ ಅಷ್ಟು ತನ್ನಿ, ಫ್ರೇಮಿಂದ ಅಂಗುಲ ಆಚೆ ಇದ್ರೂ ಪರವಾಗಿಲ್ಲ. ಕ್ಯಾಮೆರಾ ಕಡೆಯಿಂದ ಒಂದು ಥರ್ಮಾಕೋಲ್ ಶೀಟ್ ಹಿಡಿದ್ರೆ ನೆರಳು ತುಂಬತ್ತೆ, ಬಿಳಿ ಗಾದಿ ಮೇಲೆ ಹಾಸಿದ್ರೆ ಅದೂ ಬೇಕಾಗಲ್ಲ, ಗಾದಿನೇ ಅರ್ಧ ಕೆಲಸ ಮಾಡತ್ತೆ.

ಇಷ್ಟಾದ್ರೂ ಹೊಳೀಲಿಲ್ಲ ಅಂದ್ರೆ ಲೈಟ್ ಮುಟ್ಟಬೇಡಿ, ಸೀರೆ ತಿರುಗಿಸಿ. ಜರಿ ಎಳೆ ಯಾವ ದಿಕ್ಕಿಗೆ ಓಡತ್ತೆ ಅನ್ನೋದ್ರ ಮೇಲೆ ಹೊಳಪು ಬದಲಾಗತ್ತೆ, ಎಷ್ಟೋ ಸೀರೇಲಿ ಬಾರ್ಡರಿನ ಎಳೆ ಉದ್ದಕ್ಕೆ, ಸೆರಗಿನ ಎಳೆ ಅಡ್ಡಕ್ಕೆ ಇರತ್ತೆ, ಹಾಗಾಗಿ ಎರಡೂ ಒಂದೇ ಲೈಟಲ್ಲಿ ಒಂದೇ ಥರ ಬೆಳಗ್ಬೇಕು ಅಂತ ಹಟ ಮಾಡಬೇಡಿ, ಎರಡು ಶಾಟ್ ಮಾಡಿ. ಡಬಲ್ ಶೇಡ್ ರೇಷ್ಮೆ ಕೂಡ ಹಾಗೇ, ಹಾಸು ಒಂದು ಬಣ್ಣ ಹೊಕ್ಕು ಇನ್ನೊಂದು ಬಣ್ಣ, ಸುಮ್ನೆ ಹಾಸಿಟ್ರೆ ಒಂದೇ ಬಣ್ಣ ಕಾಣತ್ತೆ. ಯಾರಾದ್ರೂ ಕೈಯಲ್ಲಿ ನಿಧಾನಕ್ಕೆ ಮಡಿಕೆ ಎತ್ತಿದಾಗ ಎರಡೂ ಬರತ್ತೆ, ಆ ಶಾಟ್ ಬಿಡಲೇಬೇಡಿ.

ಲೈಟ್ ಕೊಳ್ಳೋರಿಗೆ ಒಂದು ಮಾತು. ಡಬ್ಬಿ ಮೇಲೆ ವ್ಯಾಟ್ ನೋಡೋ ಮುಂಚೆ ಸಿಆರ್‌ಐ (ಆ ಲೈಟಲ್ಲಿ ಬಣ್ಣ ಎಷ್ಟು ಸರಿಯಾಗಿ ಕಾಣತ್ತೆ ಅನ್ನೋ ಅಂಕಿ, 100ಕ್ಕೆ) ನೋಡಿ, 95ಕ್ಕಿಂತ ಕಮ್ಮಿ ಇದ್ರೆ ವಾಪಸ್ ಇಡಿ. ಜೊತೆಗೆ ಆರ್‌9 ಅಂತ ಒಂದು ಅಂಕಿ ಇರತ್ತೆ, ಗಾಢ ಕೆಂಪು ಎಷ್ಟು ಸರಿಯಾಗಿ ತೋರ್ಸತ್ತೆ ಅಂತ. ಮಾಮೂಲಿ ಸಿಆರ್‌ಐ ಲೆಕ್ಕದಲ್ಲಿ ಇದು ಸೇರೋದೇ ಇಲ್ಲ, ಅದಕ್ಕೇ ಅಗ್ಗದ ಪ್ಯಾನೆಲ್ ಕೆಳಗೆ ಕುಂಕುಮದ ಬಣ್ಣ ಇಟ್ಟಿಗೆ ಬಣ್ಣ ಆಗತ್ತೆ. ಮದುವೆ ಸೀರೇಲಿ ಕೆಂಪೇ ಹೋದ್ರೆ ಇನ್ನೇನು ಉಳೀತು? ರಿಂಗ್ ಲೈಟಂತೂ ನನ್ನ ಮುಂದೆ ತರಬೇಡಿ, ಮುಖ ಚಪ್ಪಟೆ ಮಾಡತ್ತೆ, ಒಡವೆ ಹಾಕಿದ್ರೆ ಒಂದೊಂದು ಮಣೀಲೂ ಒಂದೊಂದು ಬಳೆ.

ಹೆಜ್ಜೆ 5: ಶಟರ್, ಫ್ಯಾನು, ಚೌಕಳಿ

ನಮ್ಮ ಕರೆಂಟ್ 50 ಹರ್ಟ್ಸ್, ಲೈಟುಗಳು ಸೆಕೆಂಡಿಗೆ 100 ಸಲ ಮಿಡೀತವೆ. ಕ್ಯಾಮೆರಾ ಸೆಕೆಂಡಿಗೆ 25 ಫ್ರೇಮಿಗೆ ಹಾಕಿ, ಶಟರ್ (ಒಂದೊಂದು ಫ್ರೇಮಿಗೆ ಬೆಳಕು ಒಳಗೆ ಬಿಡೋ ಹೊತ್ತು) 1/50 ಸೆಕೆಂಡ್. ಸ್ಲೋ ಮೋಷನ್ ಬೇಕಂದ್ರೆ 50 ಫ್ರೇಮ್, 1/100. ಎಷ್ಟೋ ಫೋನು 30 ಫ್ರೇಮಲ್ಲಿ ಆಟೋ ಶಟರ್ ಇಟ್ಕೊಂಡು ಹಿಂದಿನ ಬೋರ್ಡ್ ಲೈಟಲ್ಲಿ ಪಟ್ಟೆ ಪಟ್ಟೆ ಓಡಿಸತ್ತೆ, ಐಫೋನಲ್ಲಿ ಸೆಟ್ಟಿಂಗ್ಸಿಗೆ ಹೋಗಿ ಪಾಲ್ (PAL, 50 ಹರ್ಟ್ಸ್ ಊರುಗಳ ವಿಡಿಯೋ ಪದ್ಧತಿ) ಆನ್ ಮಾಡಿದ್ರೆ 25 ಸಿಗತ್ತೆ.

ಸೀಲಿಂಗ್ ಫ್ಯಾನ್ ಆಫ್. ಗಾಳಿ, ಸದ್ದು ಎರಡೂ ಸರಿ, ಅದಕ್ಕಿಂತ ಮುಖ್ಯ ಲೈಟಿಗೆ ರೆಕ್ಕೆ ಅಡ್ಡ ಬಂದು ಇಡೀ ಫ್ರೇಮ್ ಮಿಣುಕತ್ತೆ.

ಇಳಕಲ್ ಸೀರೆಯ ಸಣ್ಣ ಚೌಕಳಿ, ಗುಳೇದಗುಡ್ಡ ಖಣದ ಒತ್ತು ನೇಯ್ಗೆ ತೆಗೀವಾಗ ಬಟ್ಟೆ ಮೇಲೆ ಬಣ್ಣದ ಅಲೆ ಓಡಿದ ಹಾಗೆ ಕಂಡ್ರೆ ಕ್ಯಾಮೆರಾ ಅರ್ಧ ಅಡಿ ಹಿಂದೆ ಮುಂದೆ ಮಾಡಿ, ಇಲ್ಲ ಸ್ವಲ್ಪ ಓರೆ ಮಾಡಿ. ಎಡಿಟಿಂಗಲ್ಲಿ ಸರಿ ಮಾಡೋಣ ಅನ್ನಬೇಡಿ, ಆಗಲ್ಲ.

ಬಿಳಿ ಗಾದಿ ಜಾಸ್ತಿ ಇದ್ರೆ ಆಟೋ ಎಕ್ಸ್‌ಪೋಷರ್ (ಎಷ್ಟು ಬೆಳಕು ಬೇಕು ಅಂತ ಕ್ಯಾಮೆರಾನೇ ತೀರ್ಮಾನಿಸೋದು) ಎಲ್ಲಾನೂ ಬೂದಿ ಬಣ್ಣಕ್ಕೆ ಇಳಿಸತ್ತೆ, ಮ್ಯಾನ್ಯುಯಲ್ ಮಾಡ್ಕೊಳಿ. ಜರಿಯಲ್ಲಿ ನಾಲ್ಕು ಚುಕ್ಕೆ ಸುಟ್ರೆ ಸುಡ್ಲಿ, ರೇಷ್ಮೆ ಬಣ್ಣ ಸರಿ ಇರ್ಲಿ.

ಹೆಜ್ಜೆ 6: ಸಾಮಾನು

ಒಂದು ಕ್ಯಾಮೆರಾ, 35 ಇಲ್ಲ 50 ಎಂಎಂ ಲೆನ್ಸ್, ಗಟ್ಟಿ ಟ್ರೈಪಾಡ್, ಎರಡು ಎಲ್‌ಇಡಿ, ಮೂರು ಸ್ಟ್ಯಾಂಡ್, ಪಂಚೆ, ಥರ್ಮಾಕೋಲ್, ಬಟ್ಟೆ ಕ್ಲಿಪ್ಪು ಒಂದು ಡಜನ್, ಎಕ್ಸ್‌ಟೆನ್ಷನ್ ಬೋರ್ಡ್, ಇಸ್ತ್ರಿ ಪೆಟ್ಟಿಗೆ. ಇಸ್ತ್ರಿ ಪೆಟ್ಟಿಗೆ ಮರೆತೋರೇ ಜಾಸ್ತಿ, ಮಡಿಕೆ ಗೆರೆ ನಿಮ್ಮ ಆ ಒಳ್ಳೆ ಓರೆ ಲೈಟಲ್ಲಿ ಇನ್ನೂ ಎದ್ದು ಕಾಣತ್ತೆ. ಯಜಮಾನ್ರು ಮಾತಾಡೋದಿದ್ರೆ ಕಾಲರ್ ಮೈಕ್ ಒಂದು. ಗಿಂಬಲ್ ಮನೇಲಿ ಬಿಡಿ. ಡ್ರೋನ್ ಅಂದ್ರೆ ನಾನು ಕೇಳಿಸ್ಕೊಳೋದೇ ಇಲ್ಲ, ಸೀರೆ ತೋರ್ಸೋಕೆ ಮಾಳಿಗೆ ಯಾಕೆ?

ಹಾಡು ಮಾತ್ರ ಹುಷಾರು. ಸಿನಿಮಾ ಹಾಡು ಹಾಕಿ ವ್ಯಾಪಾರದ ವಿಡಿಯೋ ಬಿಡೋಕೆ ಲೈಸೆನ್ಸ್ ಬೇಕು, ಇಲ್ಲಾಂದ್ರೆ ಹಬ್ಬದ ಹಿಂದಿನ ದಿನವೇ ಸದ್ದು ಮ್ಯೂಟ್ ಆಗಬಹುದು. ದುಡ್ಡು ಕೊಟ್ಟು ತಗೊಳೋ ಲೈಬ್ರರಿ ಮ್ಯೂಸಿಕ್ ಹಾಕಿ, ಬಿಲ್ಲು ಇಟ್ಕೊಳಿ.

ಹೆಜ್ಜೆ 7: ಹೊರಡೋ ಮುಂಚೆ

ಅಂಗಡಿಯಲ್ಲೇ ಕೂತು ಕಾರ್ಡಿಂದ ಎರಡು ಕಡೆ ಕಾಪಿ ಮಾಡಿ. ಬಾರ್ಡರ್ ಶಾಟ್ ಒಂದನ್ನ ಯಜಮಾನ್ರ ಫೋನಲ್ಲೇ ಹಾಕಿ, ಪಕ್ಕದಲ್ಲಿ ಅಸಲಿ ಸೀರೆ ಹಿಡಿದು ತೋರಿಸಿ, ಬಣ್ಣ ಅದೇ ಅಂತ ಅವರ ಬಾಯಲ್ಲಿ ಬಂದ್ಮೇಲೆ ಲೈಟ್ ಬಿಚ್ಚಿ. ಬಿಚ್ಚಿದ್ಮೇಲೆ "ಇನ್ನೊಂದು ಸೀರೆ ಇತ್ತು" ಅಂತಾರೆ, ಅದಕ್ಕೆ ರೇಟ್ ಬೇರೆ ಅಂತ ಮೊದ್ಲೇ ಹೇಳಿರಿ.